ಸಮೀಪವಿಹಾರಮೀಮಾಂಸೆ: ಶರದಂತ್ಯದ ವರ್ತೂರನ್ನು ಕುರಿತ ಒಂದು ಲಕ್ಷಣಗ್ರಂಥ

1. ಅನುಬಂಧಚತುಷ್ಟಯ

ದೂರಪ್ರಯಾಣಕ್ಕೆ ಶಾಸ್ತ್ರಗಳ ಕೊರತೆಯಿಲ್ಲ. ಕಾಶೀಯಾತ್ರೆಗೆ ವಿಧಿಗಳಿವೆ, ಶಬರಿಮಲೆಗೆ ವ್ರತವಿದೆ, ವಿಮಾನ ಹತ್ತುವವನ ಪೆಟ್ಟಿಗೆಗೆ ತೂಕದ ನಿಯಮವಿದೆ. ಆದರೆ ಸಂಜೆ ಐದೂವರೆಗೆ ಚಪ್ಪಲಿ ಮೆಟ್ಟಿ ಹೊರಟು, ಕೆರೆಯ ಏರಿಯತನಕ ಹೋಗಿ, ಒಂದು ಪೊಟ್ಟಣ ಬೇಯಿಸಿದ ಕಡಲೆಕಾಯಿ ಮುಗಿಸಿ, ಸಾರಿಗೆ ಒಗ್ಗರಣೆ ಬೀಳುವ ಮುನ್ನ ಮನೆ ಸೇರುವ ಮನುಷ್ಯನ ಚಲನೆಗೆ ಇಂದಿನವರೆಗೂ ಸೂತ್ರವಿಲ್ಲ, ವೃತ್ತಿಯಿಲ್ಲ. ಭಾಷ್ಯದ ಮಾತು ದೂರ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿ ಸಮಾಸಗಳನ್ನೆಲ್ಲ ಸೂತ್ರಬದ್ಧಗೊಳಿಸಿದನಾದರೂ ಸಂಜೆಯ ಸುತ್ತಾಟವು ಅವನ ಪ್ರತಿಜ್ಞಾವಿಷಯವಾಗಿರಲಿಲ್ಲ. ಆ ನ್ಯೂನತೆಯ ಪರಿಹಾರಾರ್ಥವಾಗಿ ಸಮೀಪವಿಹಾರಮೀಮಾಂಸೆಯೆಂಬ ಈ ಶಾಸ್ತ್ರವು ಆರಂಭಗೊಳ್ಳುತ್ತದೆ.

ಯಾವ ಶಾಸ್ತ್ರಕ್ಕಾದರೂ ನಾಲ್ಕು ಅನುಬಂಧಗಳನ್ನು ಮೊದಲಿಗೆ ಹೇಳುವುದು ಸಂಪ್ರದಾಯ. ಮನೆಯ ಆಸುಪಾಸಿನಲ್ಲಿ ದೊರೆಯುವ ಅಲ್ಪಸುಖಗಳು ಇದರ ವಿಷಯ. ಸೋಮವಾರಭೀತಿಯ ತಾತ್ಕಾಲಿಕ ನಿವೃತ್ತಿ ಇದರ ಪ್ರಯೋಜನ. ನಡೆಯಬಲ್ಲ ಕಾಲು, ಒಂದು ಗಂಟೆಯ ಬಿಡುವು ಮತ್ತು ಹತ್ತಿಪ್ಪತ್ತು ರೂಪಾಯಿ ಚಿಲ್ಲರೆ ಉಳ್ಳವನು ಇದರ ಅಧಿಕಾರಿ. ಮೂರರಲ್ಲಿ ಬಿಡುವೊಂದೇ ಈ ಪ್ರಾಂತದಲ್ಲಿ ದುರ್ಲಭ. ಸಂಬಂಧವು ಪ್ರತಿಪಾದ್ಯಪ್ರತಿಪಾದಕರೂಪವಾದುದೆಂಬುದು ಸ್ಪಷ್ಟವಾಗಿರುವುದರಿಂದ ವಿಸ್ತರಿಸುವುದಿಲ್ಲ.

ವರ್ತೂರನ್ನೇ ಲಕ್ಷ್ಯಕ್ಷೇತ್ರವಾಗಿ ಆರಿಸಿದ್ದಕ್ಕೆ ಹೇತುವುಂಟು. ಪಶ್ಚಿಮಕ್ಕೆ ಬೆಳ್ಳಂದೂರು ಕೆರೆ, ಉತ್ತರಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಗುಂಜೂರು, ನಡುವೆ ಸುಮಾರು 445 ಎಕರೆಯ ವರ್ತೂರು ಕೆರೆ. ಇಲ್ಲಿ ಹದಿನಾಲ್ಕನೆಯ ಮಹಡಿಯೂ ರಾಗಿಯ ಕಣವೂ ಒಂದೇ ದೃಷ್ಟಿಪಥದಲ್ಲಿ ಬೀಳುತ್ತವೆ. ಒಂದೇ ರಸ್ತೆಯಲ್ಲಿ ಎಮ್ಮೆಯೂ ಕಂಪನಿ ಕ್ಯಾಬೂ ಸಮಾನ ವೇಗದಲ್ಲಿ ಚಲಿಸುತ್ತವೆ. ವಿರುದ್ಧಧರ್ಮಗಳು ಏಕಾಧಿಕರಣದಲ್ಲಿ ನೆಲೆಸಿರುವ ಇಂಥ ಕ್ಷೇತ್ರ ಶಾಸ್ತ್ರಪರೀಕ್ಷೆಗೆ ಪ್ರಶಸ್ತವೆಂಬುದರಲ್ಲಿ ವಿವಾದವಿಲ್ಲ.

2. ಲಕ್ಷಣ ಮತ್ತು ಪದಕೃತ್ಯ

ಸೂತ್ರ: *ಶರದಂತ್ಯಕಾಲಿಕವೂ, ರಜೆಯ ಅರ್ಜಿಯನ್ನು ಅಪೇಕ್ಷಿಸದುದೂ, ಪುನರಾಗಮನನಿಶ್ಚಯಪೂರ್ವಕವೂ, ನಿಷ್ಪ್ರಯೋಜನವೂ ಆದ ಗಮನವೇ ಸಮೀಪವಿಹಾರ.*

ಲಕ್ಷಣದಲ್ಲಿ ಪ್ರತಿಯೊಂದು ಪದಕ್ಕೂ ಕಾರ್ಯವಿರಬೇಕು. ಇಲ್ಲವಾದರೆ ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳಲ್ಲಿ ಒಂದು ಬಂದೇ ಬರುತ್ತದೆ. "ಗಮನ" ಎಂದುದರಿಂದ ಸೋಫಾದ ಮೇಲೆ ಒರಗಿ ಪರರ ಹಿಮಾಲಯಯಾತ್ರೆಯನ್ನು ಫೋನಿನಲ್ಲಿ ನೋಡುವ ಕ್ರಿಯೆಯು ನಿವಾರಿತವಾಯಿತು. "ಪುನರಾಗಮನನಿಶ್ಚಯ"ವನ್ನು ಹೇಳದಿದ್ದರೆ ಲಕ್ಷಣವು ಸಂನ್ಯಾಸದಲ್ಲಿ ಅತಿವ್ಯಾಪ್ತವಾಗುತ್ತಿತ್ತು. "ರಜೆಯ ಅರ್ಜಿ"ಯ ಪ್ರಸ್ತಾಪದಿಂದ ಮಡಿಕೇರಿ, ಚಿಕ್ಕಮಗಳೂರು, ಗೋಕರ್ಣಾದಿಗಳು ದೂರವಾದವು. "ಶರದಂತ್ಯ"ವೆಂದುದರಿಂದ ಏಪ್ರಿಲ್ಲಿನಲ್ಲಿ ಕರೆಂಟು ಹೋದಾಗ ಬೀಸಣಿಗೆ ಸಮೇತ ಬೀದಿಗೆ ಬರುವ ಬಲಾತ್ಕೃತ ನಿರ್ಗಮನವು ಹೊರಗುಳಿಯಿತು.

"ನಿಷ್ಪ್ರಯೋಜನ" ಎಂಬ ಪದವು ಸೂತ್ರದ ಪ್ರಾಣ. ಇದರಿಂದ ಹಾಲು, ಗ್ಯಾಸು, ಔಷಧ, ಸ್ಕೂಲ್ ವ್ಯಾನು ಇತ್ಯಾದಿ ನಿಮಿತ್ತದ ಗಮನಗಳೆಲ್ಲ ವ್ಯಾವೃತ್ತವಾದವು. ಮಣಿಕಟ್ಟಿನ ಗಡಿಯಾರದಲ್ಲಿ ಹೆಜ್ಜೆಗಳನ್ನೆಣಿಸುತ್ತ ನಡೆಯುವವನೂ ಲಕ್ಷಣದಿಂದ ಹೊರಗೆ; ಅವನ ಸುಖವು ದಾರಿಯಲ್ಲಿಲ್ಲ, ಸಂಖ್ಯೆಯಲ್ಲಿದೆ. ಬೆನ್ನಿಗೆ ಲ್ಯಾಪ್‌ಟಾಪ್ ಕಟ್ಟಿಕೊಂಡು ಏರಿಯ ಮೇಲೆ ನಿಂತಿರುವ ಆನ್‌ಕಾಲ್ ಉದ್ಯೋಗಿಯ ವಿಷಯದಲ್ಲಿ ಸಂಶಯವುಂಟು. ಅವನ ಪುನರಾಗಮನವು ನಿಶ್ಚಿತವಾದರೂ ನಿರ್ಗಮನವೇ ಅನಿಶ್ಚಿತ. ದೇಹ ಹೊರಟಿದೆ, ಚಿತ್ತ ಹೊರಟಿಲ್ಲ. ಇದನ್ನು ಅರ್ಧವಿಹಾರವೆಂದು ಪರಿಗಣಿಸಿ, ಅಂಥ ಎರಡು ಅರ್ಧಗಳು ಸೇರಿದರೂ ಒಂದು ಪೂರ್ಣವಾಗದೆಂದು ತಿಳಿಯತಕ್ಕದ್ದು.

3. ಸಾಮೀಪ್ಯದ ಚತುರ್ಭಂಗಿ

ಸಾಮೀಪ್ಯವು ದೈಶಿಕ, ಕಾಲಿಕ ಎಂದು ದ್ವಿವಿಧ. ಇವೆರಡರ ಸಂಯೋಗದಿಂದ ನಾಲ್ಕು ಭಂಗಗಳುಂಟಾಗುತ್ತವೆ.

(ಅ) *ದೇಶದಿಂದ ಸಮೀಪ, ಕಾಲದಿಂದಲೂ ಸಮೀಪ.* ಬೀದಿಯ ಮೂಲೆಯ ಅಯ್ಯಂಗಾರ್ ಬೇಕರಿ. ಖಾರಾ ಬನ್ನು ಮುಗಿಯುವಷ್ಟರಲ್ಲಿ ಹೋಗಿ ಬರಬಹುದು. ಇದು ಉತ್ತಮೋತ್ತಮ.

(ಆ) *ದೇಶದಿಂದ ಸಮೀಪ, ಕಾಲದಿಂದ ದೂರ.* ಸಂಜೆ ಆರೂವರೆಯ ವರ್ತೂರು ಕೋಡಿ ಹಾಗೂ ಪಣತ್ತೂರಿನ ರೈಲ್ವೆ ಅಂಡರ್‌ಪಾಸು ಇದಕ್ಕೆ ಪ್ರಸಿದ್ಧ ಉದಾಹರಣೆಗಳು. ಗಮ್ಯವು ಕಣ್ಣಿಗೆ ಕಾಣುತ್ತದೆ, ಆದರೆ ಪ್ರಾಪ್ತವಾಗುವುದಿಲ್ಲ. ವೇದಾಂತಿಗಳು ಬ್ರಹ್ಮವಸ್ತುವಿಗೆ ಹೇಳುವ ಧರ್ಮವನ್ನು ಇಲ್ಲಿ ಎದುರುಗಡೆಯ ಹಣ್ಣಿನಂಗಡಿಯು ಪಡೆದಿರುತ್ತದೆ.

(ಇ) *ದೇಶದಿಂದ ದೂರ, ಕಾಲದಿಂದ ಸಮೀಪ.* ಭಾನುವಾರ ನಸುಕಿನ ಹೊಸಕೋಟೆಯ ದಮ್ ಬಿರಿಯಾನಿ. ಆ ವೇಳೆಯಲ್ಲಿ ರಸ್ತೆಗಳು ನಿರ್ಜನವಾಗಿರುವುದರಿಂದ ದೂರವು ಕುಗ್ಗುತ್ತದೆ. ಹಸಿವೆಂಬ ಪ್ರಯೋಜನವಿರುವುದರಿಂದ ಇದು ಲಕ್ಷಣಕ್ಕೆ ವಿರುದ್ಧವಲ್ಲವೇ ಎಂದರೆ, ಅಲ್ಲ. ಬ್ರಾಹ್ಮೀ ಮುಹೂರ್ತದಲ್ಲಿ ಮಾಂಸದೂಟದ ಹಸಿವು ಯಾರಿಗೂ ಸ್ವಭಾವತಃ ಉಂಟಾಗದು. ಅದು ಸರತಿಯಲ್ಲಿ ನಿಂತ ನಂತರವೇ ಹುಟ್ಟುವುದರಿಂದ ಗಮನದ ಹೇತುವಾಗಲಾರದು.

(ಈ) *ಎರಡರಿಂದಲೂ ದೂರ.* ಭಾನುವಾರದ ನಂದಿಬೆಟ್ಟ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಈ ಸ್ಥಾನವನ್ನು ಸೂರ್ಯೋದಯಕ್ಕೆಂದು ಹೊರಟವರು ಅನೇಕ ವೇಳೆ ಸೂರ್ಯೋದಯದ ನಂತರ, ಮುಂದಿನ ಕಾರಿನ ಹಿಂಭಾಗವನ್ನು ದರ್ಶಿಸುತ್ತ ತಲುಪುವುದುಂಟು. ಇದು ಶಾಸ್ತ್ರಬಾಹ್ಯ.

ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯು ವರ್ತೂರಿನವರಿಗೆ ನಾಲ್ಕನೆಯ ಭಂಗದಲ್ಲಿ ಸೇರುತ್ತದೆ. ಆದರೆ ಅದೇ ಋತುವಿನ ಕಡಲೆಕಾಯಿ ತಳ್ಳುಗಾಡಿಯಲ್ಲಿ ವರ್ತೂರಿಗೂ ಬರುತ್ತದೆ. ಆದುದರಿಂದ ಪರಿಷೆ ಹೊರಗೆ, ಕಡಲೆಕಾಯಿ ಒಳಗೆ.

4. ಕಾಲನಿರ್ಣಯ

ಶರದಂತ್ಯವೆಂದರೆ ಯಾವಾಗ? ಪಂಚಾಂಗಕಾರರು ಆಶ್ವಯುಜ ಕಾರ್ತಿಕಗಳನ್ನು ಶರತ್ತೆಂದೂ, ಮಾರ್ಗಶಿರ ಪುಷ್ಯಗಳನ್ನು ಹೇಮಂತವೆಂದೂ ವಿಭಜಿಸುತ್ತಾರೆ. ಭಾರತೀಯ ಹವಾಮಾನ ಇಲಾಖೆಯು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಕಾಲವನ್ನು ಮುಂಗಾರೋತ್ತರವೆಂದು ಕರೆದು, ಚಳಿಗಾಲಕ್ಕೆ ಜನವರಿ ಫೆಬ್ರವರಿಗಳನ್ನು ಮಾತ್ರ ಕೊಡುತ್ತದೆ. ಶಾಲೆಯ ಮಕ್ಕಳ ತಾಯಂದಿರು ದೀಪಾವಳಿಯ ಮರುದಿನದಿಂದಲೇ ಸ್ವೆಟರು ತೊಡಿಸುತ್ತಾರೆ. ಮೂರು ಪ್ರಮಾಣಗಳಿಗೆ ವಿರೋಧ ಬಂದಾಗ ಲಿಂಗವೇ, ಎಂದರೆ ಕುರುಹೇ, ಬಲವತ್ತರ. ವರ್ತೂರಿನಲ್ಲಿ ಶರದಂತ್ಯದ ಲಿಂಗಗಳು ಐದು.

ಮೊದಲನೆಯದು ಪುಷ್ಪಲಿಂಗ: ಆಕಾಶಮಲ್ಲಿಗೆಯ ಉದ್ದ ತೊಟ್ಟಿನ ಬಿಳಿಯ ಹೂಗಳು ರಾತ್ರಿಯಲ್ಲಿ ಉದುರಿ, ಬೆಳಿಗ್ಗೆ ನಿಲ್ಲಿಸಿದ ಕಾರುಗಳ ಮೇಲೆ ಕಾಣಿಸಿಕೊಳ್ಳುವುದು. ಎರಡನೆಯದು ವೃಷ್ಟಿಲಿಂಗ: ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಇಲ್ಲಿ ಸೂರ್ಯ ಕಾಣದೆ ದಿನವಿಡೀ ಜಿನುಗುವ ಜಡಿಮಳೆ. ಮೂರನೆಯದು ಧಾನ್ಯಲಿಂಗ: ಕೊಯ್ದ ರಾಗಿ ತೆನೆಯು ಡಾಂಬರು ರಸ್ತೆಯ ಮೇಲೆ ಹರಡಲ್ಪಡುವುದು. ನಾಲ್ಕನೆಯದು ಉತ್ಸವಲಿಂಗ: 1956ರ ನವೆಂಬರ್ 1ರಂದು ಏಕೀಕೃತವಾದ ರಾಜ್ಯದ ಉತ್ಸವವು ನವೆಂಬರಿನ ಕಡೆಯ ವಾರದಲ್ಲೂ ಯಾವುದಾದರೊಂದು ಬೀದಿಯಲ್ಲಿ ಆರ್ಕೆಸ್ಟ್ರಾ ಸಮೇತ ಮುಂದುವರಿಯುತ್ತಿರುವುದು. ಐದನೆಯದು ಶಿರೋಲಿಂಗ: ಹಿರಿಯರ ತಲೆಯ ಮೇಲೆ ಮಂಕಿ ಟೋಪಿಯ ಆವಿರ್ಭಾವ.

ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರದು. ಮಂಕಿ ಟೋಪಿ ಕಾಣಿಸಿಕೊಳ್ಳುವುದಾದರೋ ಅದರ ಇಮ್ಮಡಿ ಉಷ್ಣಾಂಶದಲ್ಲಿಯೇ. ಆದುದರಿಂದ ಟೋಪಿಯು ಶೈತ್ಯದ ಕಾರ್ಯವಲ್ಲ, ಶೈತ್ಯಸ್ಮರಣೆಯ ಕಾರ್ಯವೆಂದು ನಿರ್ಣಯ. ಐದರಲ್ಲಿ ಮೂರು ಲಿಂಗಗಳು ಏಕಕಾಲದಲ್ಲಿ ಕಂಡುಬಂದರೆ ಶರದಂತ್ಯವು ಸಿದ್ಧ. ಎರಡೇ ಕಂಡರೆ ಇನ್ನೊಂದು ವಾರ ಕಾಯತಕ್ಕದ್ದು.

5. ಸಂಕಲ್ಪವಾಕ್ಯ

ಕರ್ಮಕ್ಕೆ ಸಂಕಲ್ಪವು ಹೇಗೋ ವಿಹಾರಕ್ಕೂ ಹಾಗೆಯೇ. ಈ ಸೀಮೆಯಲ್ಲಿ ಅದರ ಸರ್ವಮಾನ್ಯ ಪಾಠ: "ಇಲ್ಲೇ, ಹಿಂಗ್ ಹೋಗಿ ಹಂಗ್ ಬಂದ್ಬಿಡ್ತೀನಿ." ಇದರಲ್ಲಿ ದೇಶ, ಕ್ರಿಯೆ, ಪುನರಾಗಮನ ಮೂರೂ ಉಕ್ತವಾಗಿವೆ, ಪ್ರಯೋಜನವು ಅನುಕ್ತವಾಗಿದೆ. ಲಕ್ಷಣವಾಕ್ಯಕ್ಕೆ ಇದಕ್ಕಿಂತ ಸಮೀಪವಾದ ಲೌಕಿಕ ಪ್ರಯೋಗ ದೊರೆಯದು.

ಆದರೆ ಸಂಕಲ್ಪವು ಮುಗಿದೊಡನೆ ಒಳಗಿನಿಂದ ಒಂದು ಪ್ರತಿವಚನ ಬರುತ್ತದೆ: "ರೀ, ಬರ್ತಾ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗೊಂಡ್ಬನ್ನಿ." ಇದರಿಂದ ನಿಷ್ಪ್ರಯೋಜನತ್ವವು ಭಂಗವಾಗಿ ವಿಹಾರವೇ ಅಸಿದ್ಧವಾಗುವುದೆಂದು ಒಂದು ಪಕ್ಷ ಹೇಳುತ್ತದೆ. ಸಮಾಧಾನ: ಹೊರಡುವ ನಿಶ್ಚಯವು ಪೂರ್ವಭಾವಿ, ಸೊಪ್ಪು ಉತ್ತರಭಾವಿ. ಉತ್ತರಭಾವಿಯಾದುದು ಕಾರಣವಾಗಲಾರದು. ಇಂಥದನ್ನು ಆಗಂತುಕಪ್ರಯೋಜನವೆನ್ನುತ್ತಾರೆ. ಅದರಿಂದ ವಿಹಾರಕ್ಕೆ ಲೋಪವಿಲ್ಲ. ಸೊಪ್ಪನ್ನು ಮರೆತು ಬಂದರೆ ಮಾತ್ರ ಪ್ರಾಯಶ್ಚಿತ್ತವಾಗಿ ಎರಡನೆಯ ಗಮನವುಂಟು. ಆ ಎರಡನೆಯದು ಶುದ್ಧ ಸಪ್ರಯೋಜನವಾದುದರಿಂದ ವಿಹಾರವೆನಿಸದು.

6. ವಿಹಾರಭೇದಗಳು

ಸಮೀಪವಿಹಾರವು ಪಂಚವಿಧ: ಜಲಪ್ರಾಂತ, ಕ್ಷೇತ್ರಶೇಷ, ವೃತ್ತ, ಆಪಣ ಮತ್ತು ಊರ್ಧ್ವ.

*6.1 ಜಲಪ್ರಾಂತವಿಹಾರ.* ಕೆರೆಯ ಅಂಚಿನಲ್ಲಿ ನಡೆಯುವುದು ಅಥವಾ ನಿಲ್ಲುವುದು. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಬಂದು, ಇಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರಿ ತಮಿಳುನಾಡಿಗೆ ಹೋಗುತ್ತದೆ. ಈ ಪ್ರಸಂಗದಲ್ಲಿ ತರ್ಕಶಾಸ್ತ್ರಕ್ಕೆ ಒದಗಿರುವ ಒಂದು ಸಂಕಟವನ್ನು ಹೇಳದೆ ಮುಂದುವರಿಯಲಾಗದು. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ಪ್ರಸಿದ್ಧ ಅನುಮಾನದಲ್ಲಿ ಸಪಕ್ಷವು ಅಡುಗೆಮನೆ, ವಿಪಕ್ಷವು ಮಹಾಹ್ರದ. ದೊಡ್ಡ ಕೆರೆಯಲ್ಲಿ ಬೆಂಕಿಯಿರದೆಂಬುದು ಎಲ್ಲ ನೈಯಾಯಿಕರ ಒಮ್ಮತ. 2015ರ ಮೇ, 2017ರ ಫೆಬ್ರವರಿ ಹಾಗೂ 2018ರ ಜನವರಿಗಳಲ್ಲಿ ಬೆಳ್ಳಂದೂರು ಕೆರೆಯು ಹೊತ್ತಿಕೊಂಡುದರಿಂದ ಈ ವಿಪಕ್ಷವು ಬಾಧಿತವಾಗಿದೆ. ಆದ್ದರಿಂದ ಈ ಸೀಮೆಯ ತರ್ಕವಿದ್ಯಾರ್ಥಿಗಳು ಮಹಾಹ್ರದದ ಬದಲಿಗೆ ಸಣ್ಣ ಬಾವಿಯನ್ನು ವಿಪಕ್ಷವಾಗಿ ಸ್ವೀಕರಿಸತಕ್ಕದ್ದು; ಅದೂ ತಾತ್ಕಾಲಿಕವಾಗಿ.

ಇನ್ನು ನೊರೆ. ಚರಂಡಿಯ ಮೂಲಕ ಬಂದ ಸೋಪು ಪುಡಿಯ ಅಂಶಗಳು ಕೋಡಿಯಲ್ಲಿ ನೀರು ಧುಮುಕುವಾಗ ಕಡೆಯಲ್ಪಟ್ಟು ನೊರೆಯಾಗುತ್ತವೆ. ಅದು ತಟಸ್ಥ, ಪ್ಲವಮಾನ, ಮಾರ್ಗಾಕ್ರಾಂತ ಎಂದು ತ್ರಿವಿಧ. 2015ರಲ್ಲಿ ಮೂರನೆಯ ಪ್ರಭೇದವು ವರ್ತೂರು ಕೋಡಿಯಲ್ಲಿ ಗಾಳಿಗೆ ಹಾರಿ ವಾಹನಗಳ ಮೇಲೆ ಕುಳಿತು ದೇಶಾಂತರಖ್ಯಾತಿ ಪಡೆಯಿತು. ಅದನ್ನು ನೋಡಲೆಂದು ಬಂದು ಫೋಟೊ ತೆಗೆದವರು ವಿಹಾರಿಗಳೇ ಎಂದರೆ, ಅಲ್ಲ. ವಿಹಾರದಲ್ಲಿ ದ್ರಷ್ಟೃವೂ ದೃಶ್ಯವೂ ಭಿನ್ನವಾಗಿರಬೇಕು. ನೊರೆಯನ್ನು ನೋಡುವವನಾದರೋ ಬೆಳಿಗ್ಗೆ ಮನೆಯಲ್ಲಿ ಬಟ್ಟೆ ಒಗೆದು ಬಂದವನಾದುದರಿಂದ ಆ ದೃಶ್ಯಕ್ಕೆ ತಾನೇ ನಿಮಿತ್ತಕಾರಣನಾಗಿರುತ್ತಾನೆ. ತನ್ನ ಕಾರ್ಯವನ್ನು ತಾನೇ ನೋಡುವುದು ತನಿಖೆಯಾಗುತ್ತದೆ. ಹಸಿರು ನ್ಯಾಯಮಂಡಳಿಯ ಆದೇಶಗಳ ಬೆನ್ನಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಎರಡೂ ಕೆರೆಗಳಲ್ಲಿ ನೀರು ಬಸಿದು ಹೂಳೆತ್ತುವ ಕಾಮಗಾರಿಯನ್ನು ಕೈಗೊಂಡಿತೆಂಬುದನ್ನೂ ಇಲ್ಲಿ ದಾಖಲಿಸಬೇಕು.

*6.2 ಕ್ಷೇತ್ರಶೇಷವಿಹಾರ.* ಲೇಔಟಾಗದೆ ಉಳಿದ ಹೊಲಗಳ ಸಂದರ್ಶನ. ಗುಂಜೂರಿನ ಕಡೆಯಿಂದ ಸರ್ಜಾಪುರದತ್ತ ಸಾಗಿದಂತೆ ಇದರ ಅವಕಾಶ ಹೆಚ್ಚು. ಉತ್ತಮ ಉಪಭೇದವು ಪಥಕಣವಿಹಾರ. ರೈತನು ತೆನೆಯನ್ನು ರಸ್ತೆಗೆ ಹರಡುತ್ತಾನೆ. ಹಾದುಹೋಗುವ ವಾಹನಗಳು ಅರಿವಿಲ್ಲದೆ ಒಕ್ಕಣೆ ಮಾಡಿಕೊಡುತ್ತವೆ. ಇಲ್ಲಿ ಒಬ್ಬನೇ ಚಾಲಕನು ಏಕಕಾಲದಲ್ಲಿ ಐಟಿ ಕ್ಷೇತ್ರದಲ್ಲೂ ಕೃಷಿ ಕ್ಷೇತ್ರದಲ್ಲೂ ದುಡಿಯುತ್ತಿರುತ್ತಾನೆ, ಎರಡನೆಯದಕ್ಕೆ ಸಂಬಳವಿಲ್ಲ. ದ್ವಿಚಕ್ರಿಗಳು ಹುಲ್ಲಿನ ಮೇಲೆ ಜಾರುವ ಸಂಭವವಿರುವುದರಿಂದ ಇಲ್ಲಿ ಪಾದಚಾರಿಗೇ ಪ್ರಥಮಾಧಿಕಾರ.

*6.3 ವೃತ್ತವಿಹಾರ.* ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿನಲ್ಲಿ ಸುತ್ತುವುದು. ಮೈಸೂರಿನ ಚಾಮರಾಜ ಒಡೆಯರು 1882ರಲ್ಲಿ ಆಂಗ್ಲೋ ಇಂಡಿಯನ್ನರ ನೆಲಸುನಾಡಿಗೆಂದು ಕೊಟ್ಟ ಭೂಮಿಯಲ್ಲಿ, ಡಿ. ಎಸ್. ವೈಟ್ ಅವರ ಹೆಸರಿನಲ್ಲಿ ಎದ್ದ ಊರಿದು. ನಡುವೆ ಬಯಲು, ಸುತ್ತ ವರ್ತುಲಾಕಾರದ ಬೀದಿಗಳು. ಈ ವಿಹಾರದ ವೈಶಿಷ್ಟ್ಯವೇನೆಂದರೆ, ಅನ್ಯವಿಹಾರಗಳಲ್ಲಿ ಪುನರಾಗಮನಕ್ಕೆ ಹಿಂದಿರುಗಬೇಕು; ಇಲ್ಲಿ ಮುಂದುವರಿದರೆ ಸಾಕು. ಲಕ್ಷಣದ ತೃತೀಯಾಂಶವನ್ನು ರಸ್ತೆಯ ಆಕೃತಿಯೇ ಪೂರೈಸಿಕೊಡುವ ಏಕಮಾತ್ರ ಸ್ಥಾನವಿದು. ಎರಡನೆಯ ಸುತ್ತು ಪುನರುಕ್ತಿದೋಷಕ್ಕೆ ಗುರಿಯಾಗುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಬೆಳಕು ಬದಲಾಗಿರುತ್ತದೆ.

*6.4 ಆಪಣವಿಹಾರ.* ಕೊಳ್ಳುವ ಉದ್ದೇಶವಿಲ್ಲದೆ ಅಂಗಡಿಗಳ ಮುಂದೆ ಸಾಗಿ, ಕೊಳ್ಳುವುದರಲ್ಲಿ ಪರ್ಯವಸಾನವಾಗುವುದು. ಇದರ ವಸ್ತುಗಳು ಭರ್ಜಿತ, ಸ್ವಿನ್ನ, ದಗ್ಧ, ಆಮ ಎಂದು ನಾಲ್ಕು ವರ್ಗ: ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಬಜ್ಜಿ, ಬೇಯಿಸಿದ ಕಡಲೆಕಾಯಿ, ಕೆಂಡದಲ್ಲಿ ಸುಟ್ಟ ಜೋಳ, ಉಪ್ಪುಖಾರ ಸವರಿದ ಹಸಿ ಸೀಬೆಕಾಯಿ. ಜಡಿಮಳೆಯ ದಿನ ಮೊದಲನೆಯ ವರ್ಗಕ್ಕೂ, ಮಂಜಿನ ಸಂಜೆಗೆ ಎರಡನೆಯದಕ್ಕೂ ಪ್ರಾಶಸ್ತ್ಯ. ಬೈಟೂ ಕಾಫಿಯು ಪೃಥಕ್ ವರ್ಗ. ಒಂದೇ ಕಾಫಿಯು ಎರಡು ಲೋಟಗಳಲ್ಲಿ ವಿಭಕ್ತವಾದರೂ ಸಂಭಾಷಣೆಯು ವಿಭಕ್ತವಾಗದೆ ದ್ವಿಗುಣಿಸುವುದು ಇದರ ಅಸಾಧಾರಣ ಧರ್ಮ. ಕಾರ್ತಿಕ ಮುಗಿದು ಮಾರ್ಗಶಿರ ಹೊಕ್ಕಾಗ ಅವರೆಕಾಯಿ ಪ್ರವೇಶಿಸುತ್ತದೆ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚೆಂಬುದು ಮಾರುವವರ ಮತ. ಅವರೆಯನ್ನು ಕೊಂಡವನ ವಿಹಾರವು ಮನೆ ತಲುಪಿದರೂ ಮುಗಿಯದು: ಸುಲಿಯುವುದು, ನೆನೆಹಾಕುವುದು, ಹಿತುಕುವುದು ಎಂಬ ಮೂರು ಉತ್ತರಾಂಗಗಳಲ್ಲಿ ಅದು ಇಡೀ ಕುಟುಂಬವನ್ನು ಒಳಗೊಂಡು, ಹಿತುಕಿದ ಬೇಳೆಯ ಸಾರಿನಲ್ಲಿ ಫಲಿಸುತ್ತದೆ.

*6.5 ಊರ್ಧ್ವವಿಹಾರ.* ತಾರಸಿ ಅಥವಾ ಬಾಲ್ಕನಿಗೆ ಹೋಗುವುದು. ಬಾಲ್ಕನಿಯಲ್ಲಿ ಗಮನಾಂಶವಿದೆಯೇ? ಜಾರುಬಾಗಿಲನ್ನು ಸರಿಸಿ, ಹೊಸ್ತಿಲು ದಾಟಿ, ಹೊರಗಾಳಿ ಮೈಗೆ ತಗುಲಿದರೆ ಇದೆ. ಗಾಜಿನ ಒಳಗಿನಿಂದ ನೋಡಿದರೆ ಇಲ್ಲ. ಉತ್ಥಾನದ್ವಾದಶಿಯಂದು ನೆಲ್ಲಿಯ ಕೊಂಬೆ ನೆಟ್ಟ ತುಳಸಿಯ ಕುಂಡವು ಅಲ್ಲಿದ್ದರೆ ಬಾಲ್ಕನಿಗೆ ಅಂಗಳತ್ವವು ಆ ಒಂದು ಸಂಜೆಯ ಮಟ್ಟಿಗೆ ಪ್ರಾಪ್ತವಾಗುತ್ತದೆ. ಕೆಳಗೆ ಚೆನ್ನರಾಯಸ್ವಾಮಿ ಗುಡಿಯ ಕಡೆ ಕಾರ್ತಿಕದೀಪ ಹಚ್ಚುವ ಹೊತ್ತಿಗೆ ಊರ್ಧ್ವವಿಹಾರಿಯು ಇಳಿದು ಬರುವುದೇ ಯುಕ್ತ. ದೀಪವನ್ನು ಮೇಲಿನಿಂದ ನೋಡುವುದಕ್ಕಿಂತ ಎದುರಿನಿಂದ ನೋಡುವುದರಲ್ಲಿ ಬಿಸಿಯ ಲಾಭವೂ ಉಂಟು.

7. ಅನುಪಲಬ್ಧಿವಿಚಾರ

ಸುಖಗಳು ಇಷ್ಟು ಸಮೀಪದಲ್ಲಿದ್ದರೆ ಜನಕ್ಕೇಕೆ ಕಾಣುವುದಿಲ್ಲ? ಇರುವ ವಸ್ತು ಕಾಣದಿರುವುದಕ್ಕೆ ಈಶ್ವರಕೃಷ್ಣನು ಸಾಂಖ್ಯಕಾರಿಕೆಯಲ್ಲಿ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಅವುಗಳಲ್ಲಿ ಅತಿದೂರವು ನಮ್ಮ ಲಕ್ಷಣದಿಂದಲೇ ನಿರಸ್ತ. ಉಳಿದ ಏಳೂ ವರ್ತೂರಿನಲ್ಲಿ ಲಭ್ಯ. ಇಂದ್ರಿಯಘಾತ: ಅಗೆದ ರಸ್ತೆಯ ಧೂಳು ಕಣ್ಣಿಗೆ ಬೀಳುವುದು. ಮನಸ್ಸಿನ ಅನವಸ್ಥಾನ: ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಮೀಟಿಂಗಿನಲ್ಲಿ ನಡೆಯುವುದು. ಸೌಕ್ಷ್ಮ್ಯ: ಆಕಾಶಮಲ್ಲಿಗೆಯ ಪರಿಮಳ. ವ್ಯವಧಾನ: ಕೆರೆಗೂ ಕಣ್ಣಿಗೂ ನಡುವಿನ ತಗಡಿನ ಶೀಟು ಮತ್ತು ಕಾಂಪೌಂಡು. ಅಭಿಭವ: ಟ್ಯಾಂಕರಿನ ಹಾರ್ನಿನ ಕೆಳಗೆ ಮಿಂಚುಳ್ಳಿಯ ಕೂಗು ಅಡಗುವುದು. ಸಮಾನಾಭಿಹಾರ: ಬಿಳಿಯ ನೊರೆಯಲ್ಲಿ ಬಿಳಿಯ ಬೆಳ್ಳಕ್ಕಿ.

ಏಳನೆಯದಾಗಿ ಉಳಿದದ್ದು ಅತಿಸಾಮೀಪ್ಯ. ಕೆರೆ ಕಾಣುವ ಮನೆಯೆಂದು ಹೆಚ್ಚು ಬೆಲೆ ಕೊಟ್ಟು ಕೊಂಡವನು, ಲ್ಯಾಪ್‌ಟಾಪಿನ ಪರದೆಗೆ ಬೆಳಕು ಹೊಡೆಯುತ್ತದೆಂದು ಆ ಕಿಟಕಿಗೇ ಪರದೆ ಎಳೆದು ವರ್ಷಗಳನ್ನು ಕಳೆಯುತ್ತಾನೆ. ಇತರ ಆರು ದೋಷಗಳಿಗೆ ಪಾಲಿಕೆಯೋ ಪೊಲೀಸರೋ ವೈದ್ಯರೋ ಪರಿಹಾರ ಕೊಡಬಲ್ಲರು. ಇದೊಂದಕ್ಕೆ ಯಾವ ಇಲಾಖೆಯಲ್ಲೂ ಪರಿಹಾರವಿಲ್ಲ. ಪರದೆ ಸರಿಸಿ, ಲಿಫ್ಟಿನಲ್ಲಿ ಇಳಿದು, ಗೇಟಿನಿಂದ ನೂರು ಹೆಜ್ಜೆ ದೂರ ಹೋಗುವುದೊಂದೇ ಔಷಧ. ವಸ್ತುವಿನಿಂದ ಅಲ್ಪ ದೂರವಿದ್ದಾಗಲೇ ಅದು ಸಮೀಪವೆಂದು ತಿಳಿಯುತ್ತದೆಂಬುದು ಈ ಶಾಸ್ತ್ರದ ಮಹಾವಾಕ್ಯ.

8. ಪೂರ್ವಪಕ್ಷ ಮತ್ತು ಸಿದ್ಧಾಂತ

ಪೂರ್ವಪಕ್ಷಿಯು ಹೇಳುತ್ತಾನೆ: "ಶಾಪಿಂಗ್ ಮಾಲಿನಲ್ಲಿ ಮಳೆಯಿಲ್ಲ, ಧೂಳಿಲ್ಲ, ಹಾರ್ನಿಲ್ಲ, ಅಲ್ಲಿ ನಡೆಯುವುದೇ ಶ್ರೇಯಸ್ಕರ." ಇದಕ್ಕೆ ಉತ್ತರ: ಮಾಲಿನಲ್ಲಿ ಋತುವೇ ಇಲ್ಲ. ಅಲ್ಲಿ ಜ್ಯೇಷ್ಠಕ್ಕೂ ಕಾರ್ತಿಕಕ್ಕೂ ಒಂದೇ ಶೈತ್ಯ. ಶರದಂತ್ಯವು ಲಕ್ಷಣದ ಪ್ರಥಮಾಂಶವಾದುದರಿಂದ ಮಾಲಿನ ಗಮನವು ಮೊದಲ ಪದದಲ್ಲೇ ಸೋಲುತ್ತದೆ. "ಹಾಗಾದರೆ ದೂರದ ಪ್ರವಾಸವೇ ವ್ಯರ್ಥವೇ?" ಎಂದರೆ, ಅಲ್ಲ. ಅದಕ್ಕೆ ಅದರದೇ ಶಾಸ್ತ್ರಗಳಿವೆ. ನಮ್ಮ ಆಕ್ಷೇಪವು ದೂರದ ಪ್ರವಾಸಕ್ಕಾಗಿ ಹತ್ತು ತಿಂಗಳು ಕಾಯುತ್ತ, ಆ ಹತ್ತು ತಿಂಗಳ ಸಂಜೆಗಳನ್ನೆಲ್ಲ ನಡುವಿನ ನಿಲ್ದಾಣಗಳೆಂದು ಭಾವಿಸುವವರ ವಿಷಯದಲ್ಲಿ ಮಾತ್ರ.

9. ವಿಧಿ

ಕಾರ್ತಿಕ ಅಮಾವಾಸ್ಯೆಯೊಳಗೆ ಐದು ಭೇದಗಳಲ್ಲಿ ಒಂದನ್ನಾದರೂ ಆಚರಿಸತಕ್ಕದ್ದು. ಸ್ವೆಟರು ಐಚ್ಛಿಕ. ಜೊತೆಗೆ ಒಬ್ಬರಿರಬಹುದು, ಮೂವರಾದರೆ ಎಲ್ಲಿಗೆ ಹೋಗಬೇಕೆಂಬ ಚರ್ಚೆಯಲ್ಲೇ ಶರತ್ತು ಮುಗಿಯುವ ಅಪಾಯವುಂಟು. ಕಡಲೆಕಾಯಿಯ ಸಿಪ್ಪೆಯನ್ನು ಕೆರೆಗೆ ಹಾಕತಕ್ಕದ್ದಲ್ಲ. ಪೊಟ್ಟಣದಲ್ಲೇ ಮನೆಗೆ ತರತಕ್ಕದ್ದು. ಈ ಶಾಸ್ತ್ರದ ಮೇಲಿನ ಆಕ್ಷೇಪಗಳನ್ನು ಹೋಗಿ ಬಂದವರಿಂದ ಮಾತ್ರ ಸ್ವೀಕರಿಸಲಾಗುವುದು.